ಶರಣನಿಗೆ ಹುಟ್ಟೂರೆಂಬುದುಂಟೆ?

ಗುರುಮಠಕಲ್ಲಿನ ಹಳೆಯ ಓಣಿಗಳಲ್ಲಿ ನಡೆದುಹೋಗುವವನ ಕಣ್ಣಿಗೆ ಬೀಗ ಹಾಕಿದ ಮನೆಗಳು ಒಂದೆರಡಾದರೂ ಕಾಣದಿರವು. ಹೊರಕಟ್ಟೆಯ ಮೇಲೆ ಧೂಳು ಕುಳಿತಿದೆ. ದೇವರ ಜಗಲಿಗೆ ದೀಪ ಹಚ್ಚಬೇಕಾದ ಕೈಗಳು ಹೈದರಾಬಾದಿನಲ್ಲಿಯೋ ಮುಂಬಯಿಯಲ್ಲಿಯೋ ಬೆಂಗಳೂರಿನಲ್ಲಿಯೋ ದುಡಿಯುತ್ತಿವೆ. ಜಾತ್ರೆಗೆ ಒಮ್ಮೆ, ಹಿರಿಯರ ಪುಣ್ಯಸ್ಮರಣೆಗೆ ಒಮ್ಮೆ ಆ ಬೀಗ ತೆರೆಯುತ್ತದೆ, ಎರಡು ದಿನ ಒಲೆ ಉರಿಯುತ್ತದೆ, ಮತ್ತೆ ಬೀಗ. ಮಳೆಯನ್ನೇ ನಂಬಿದ ಜೋಳ ತೊಗರಿಯ ಹೊಲಗಳ ಸೀಮೆಯಿದು. ಮಳೆ ಕೈಕೊಟ್ಟ ವರುಷ ಗುಳೆ ಹೋಗುವುದು ಇಲ್ಲಿಯ ಜನರಿಗೆ ಹೊಸತಲ್ಲ. ಹಿಂದೆ ಹೊಟ್ಟೆಯ ಪಾಡಿಗಾಗಿ ಹೋಗುತ್ತಿದ್ದವರು ಈಗ ಓದಿಗಾಗಿಯೂ ಉದ್ಯೋಗಕ್ಕಾಗಿಯೂ ಹೋಗುವರು. ಹೋದವರಲ್ಲಿ ಮರಳಿ ಬಾರದವರೇ ಹೆಚ್ಚು.

ಹೀಗೆ ಹೊರಟವರ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುವುವು. ಲಿಂಗವಂತನಿಗೆ ಲಿಂಗವಿದ್ದೆಡೆಯೇ ಊರು, ಮಣ್ಣಿನ ಹಂಬಲವು ಮೋಹವಲ್ಲದೆ ಮತ್ತೇನೂ ಅಲ್ಲವೆಂದು ಮಗನು ಹೇಳುವನು. ಹುಟ್ಟಿದ ಊರನ್ನು ಮರೆತವನ ಭಕ್ತಿಗೆ ಬೇರೆಲ್ಲಿಯದು ಎಂದು ತಂದೆಯು ಕೇಳುವನು. ಆಶ್ಚರ್ಯವೆಂದರೆ, ಇಬ್ಬರೂ ತಮ್ಮ ಮಾತಿಗೆ ಶರಣರನ್ನೇ ಸಾಕ್ಷಿಗೆ ಕರೆಯುವರು. ಇವರಲ್ಲಿ ಯಾರ ಮಾತು ಶರಣಸಮ್ಮತ? ಪ್ರಶ್ನೆ ಸಣ್ಣದಾಗಿ ತೋರಿದರೂ ಸಂಸಾರಿಗಳಾದ ಸದ್ಭಕ್ತರ ನಿತ್ಯಜೀವನದಲ್ಲಿ ಅದು ಅಷ್ಟು ಸಣ್ಣದಲ್ಲ. ಮನೆಯನ್ನು ಮಾರುವುದೇ, ಬಿಡುವುದೇ, ಪಾಲು ಕೇಳುವುದೇ, ಮುಪ್ಪಿನ ತಾಯಿಯನ್ನು ಪಟ್ಟಣಕ್ಕೆ ಕರೆದೊಯ್ಯುವುದೇ ಎಂಬಂತಹ ಕಠಿಣ ನಿರ್ಣಯಗಳೆಲ್ಲವೂ ಇದರ ಬೆನ್ನಿಗೆ ಅಂಟಿಕೊಂಡಿರುವುವು.

ಮೊದಲು ಮಗನ ಪಕ್ಷವನ್ನು ವಿಚಾರಿಸುವುದು ಯೋಗ್ಯ. ಏಕೆಂದರೆ ಶಾಸ್ತ್ರದ ಬಲವು ಮೇಲುನೋಟಕ್ಕೆ ಅವನ ಕಡೆಗಿದೆ. ವೀರಶೈವ ಸಿದ್ಧಾಂತದಲ್ಲಿ ದೀಕ್ಷೆಯೆಂಬುದು ಎರಡನೆಯ ಹುಟ್ಟು. ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿರಿಸಿ, ಅವನಲ್ಲಿಯೇ ಅಡಗಿದ್ದ ಚೈತನ್ಯವನ್ನು ಇಷ್ಟಲಿಂಗವಾಗಿ ಅವನ ಅಂಗೈಗೆ ತಂದುಕೊಟ್ಟ ಗಳಿಗೆಯಿಂದ ಅವನು ಗುರುಕರಜಾತನು. ಹಾಗಾದ ಮೇಲೆ ಅವನ ಹುಟ್ಟೂರು ಯಾವುದು? ತೊಟ್ಟಿಲು ಕಟ್ಟಿದ ಮನೆಯಲ್ಲ. ಗುರುವಿನ ಕರಸ್ಥಲವೇ ಹುಟ್ಟೂರು. ಕುಲವು ಹೇಗೆ ದೀಕ್ಷೆಯಿಂದ ಹಿಂದುಳಿಯಿತೋ ಹಾಗೆಯೇ ಊರೂ ಹಿಂದುಳಿಯಬೇಕಲ್ಲವೆ? ಇನ್ನು ಷಟ್‌ಸ್ಥಲವೆಂಬ ಮಾತನ್ನೇ ನೋಡಬಹುದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನಿಲುವುಗಳಿಗೆ ಹಿರಿಯರು ಇಟ್ಟ ಹೆಸರು ಸ್ಥಲ, ಎಂದರೆ ಎಡೆ, ತಾವು. ಎಲ್ಲವೂ ಯಾವುದರಲ್ಲಿ ನೆಲೆಸಿ ಯಾವುದರಲ್ಲಿ ಲಯವಾಗುವುದೋ ಅದು ಸ್ಥಲವೆಂದು ಶಾಸ್ತ್ರಕಾರರ ವಿವರಣೆ. ಸಾಧಕನು ಒಂದು ಊರಿನಿಂದ ಇನ್ನೊಂದು ಊರಿಗೆ ನಡೆವ ಪಯಣಿಗನಂತೆ ಒಂದು ಸ್ಥಲದಿಂದ ಮುಂದಿನ ಸ್ಥಲಕ್ಕೆ ನಡೆಯುತ್ತಾನೆ. ಹೊರಟ ಊರನ್ನೇ ತಿರುತಿರುಗಿ ನೋಡುತ್ತಿದ್ದರೆ ಪಯಣ ಸಾಗದು.

ಇಷ್ಟಾದ ಮೇಲೆ ತಂದೆಯ ಪಕ್ಷಕ್ಕೆ ಉಳಿದುದೇನು? ಉಳಿದುದು ಒಂದೇ, ಆದರೆ ಅದು ಅಲ್ಲಗಳೆಯಲಾರದ್ದು. ಅದು ವಚನಗಳ ಕೊನೆಯಲ್ಲಿ ನಿಂತ ಅಂಕಿತ.

ಸುರಪುರ ಸೀಮೆಯ ಮುದನೂರಿನಲ್ಲಿ ರಾಮನಾಥನ ಗುಡಿಯಿದೆ. ಆ ಊರಿನಲ್ಲಿ ನೇಯ್ಗೆಯ ಕಾಯಕ ಮಾಡಿಕೊಂಡಿದ್ದ ದಾಸಿಮಯ್ಯನವರು, ಬಸವಣ್ಣನವರಿಗಿಂತ ಹಿರಿಯರೆಂದು ಹಲವರು ಎಣಿಸುವ ಆ ಶರಣರು, ತಾವು ನುಡಿದ ನುಡಿಗೆಲ್ಲ ರಾಮನಾಥನೆಂಬ ಮುದ್ರೆಯನ್ನೊತ್ತಿದರು. ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯನವರ ವಚನಗಳಲ್ಲಿ ಆ ಊರಿನ ಕಲಿದೇವನು ನಿಂತಿದ್ದಾನೆ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಬೀದಿಯಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಮಾರಯ್ಯನವರು ಕಲ್ಯಾಣದ ಬೀದಿಯಲ್ಲಿಯೂ ಅಮರೇಶ್ವರಲಿಂಗವನ್ನು ಬಿಡಲಿಲ್ಲ. ಬಸವಣ್ಣನವರಂತೂ ಮಂಗಳವೇಢೆಯ ಕರಣಿಕತನದಲ್ಲಿ, ಕಲ್ಯಾಣದ ಭಂಡಾರಿತನದಲ್ಲಿ, ಅನುಭವಮಂಟಪದ ಗೋಷ್ಠಿಯಲ್ಲಿ ಎಲ್ಲಿಯೇ ಇರಲಿ, ಕೃಷ್ಣೆ ಮಲಪ್ರಭೆಗಳು ಕೂಡುವ ಒಂದು ನದೀತೀರದ ಹೆಸರನ್ನು ನಾಲಗೆಯಿಂದ ಇಳಿಸಲಿಲ್ಲ. ಸ್ಥಾವರಕ್ಕೆ ಅಳಿವುಂಟೆಂದು ಸಾರಿದವರು, ದೇಹವನ್ನೇ ದೇಗುಲ ಮಾಡಿಕೊಂಡವರು, ಸ್ಥಾವರದೇವರ ಊರಿನ ಹೆಸರನ್ನು ಬಾಳಿನುದ್ದಕ್ಕೂ ಹೊತ್ತುದೇಕೆ? ಶಿವನೆಂದರೆ ಸಾಲದಾಗಿತ್ತೆ? ಸಾವಿರ ನಾಮಗಳಿದ್ದವನಿಗೆ ಹೆಸರಿನ ಬಡತನವಿತ್ತೆ?

ಇದಕ್ಕೆ ಕೆಲವರು ಕೊಡುವ ಉತ್ತರ, ಅಂಕಿತವು ಬರಿಯ ರೂಢಿ, ಕವಿಗಳು ಕಾವ್ಯದ ಕೊನೆಗೆ ಹೆಸರಿಡುವಂತೆ ಎಂಬುದು. ಈ ಉತ್ತರವು ಪ್ರಶ್ನೆಯನ್ನು ತಳ್ಳಿಹಾಕುವುದೇ ಹೊರತು ಬಿಡಿಸುವುದಿಲ್ಲ. ರೂಢಿಗೆ ತಲೆಬಾಗುವ ಸ್ವಭಾವ ಶರಣರದಾಗಿರಲಿಲ್ಲವೆಂಬುದನ್ನು ಅವರ ಬಾಳು ಹೇಳುತ್ತದೆ.

ಹೆಚ್ಚು ಸೂಕ್ಷ್ಮವಾಗಿ ನೋಡಿದರೆ ಅಂಕಿತದ ಊರು ಎಲ್ಲರಲ್ಲಿಯೂ ಹುಟ್ಟಿದ ಊರಲ್ಲವೆಂಬುದು ಕಾಣುವುದು. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿ. ಉಪನಯನದ ಕಟ್ಟನ್ನು ಒಲ್ಲದೆ ಆ ಊರನ್ನು ಬಿಟ್ಟು ಹೋದ ಬಾಲಕನಿಗೆ ಅರಿವು ತೆರೆದದ್ದು ಸಂಗಮದಲ್ಲಿ. ಬಾಗೇವಾಡಿಯ ದೇವರು ಅವರ ವಚನದ ಮುದ್ರೆಯಾಗಲಿಲ್ಲ. ಅಕ್ಕಮಹಾದೇವಿಯವರು ಉಡುತಡಿಯವರು, ಅವರು ಕರೆದ ಚೆನ್ನಮಲ್ಲಿಕಾರ್ಜುನನು ನೂರಾರು ಹರಿದಾರಿ ದೂರದ ಶ್ರೀಶೈಲದವನು. ಅಕ್ಕನವರ ಪಾಲಿಗೆ ಊರೆಂಬುದು ಹಿಂದೆ ಉಳಿದುದಲ್ಲ, ಮುಂದೆ ಸೇರಬೇಕಾದುದು. ಕಲ್ಯಾಣವನ್ನು ಹಾದು ಕದಳಿಯ ಬನವನ್ನು ಹೊಕ್ಕಾಗ ಅವರು ಮೊದಲ ಬಾರಿಗೆ ತಮ್ಮ ಊರಿಗೆ ಬಂದರೆಂದೇ ಹೇಳಬೇಕು. ಆದುದರಿಂದ ಹೆತ್ತ ನೆಲ, ಅರಿವು ಕಣ್ದೆರೆದ ನೆಲ ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ದಾಸಿಮಯ್ಯನವರಿಗೆ ಅವು ಒಂದಾಗಿದ್ದುವು, ಅಕ್ಕನವರಿಗೆ ಬೇರೆಯಾಗಿದ್ದುವು.

ಇಲ್ಲಿ ಹರಿಹರನು ಬಸವರಾಜದೇವರ ರಗಳೆಯಲ್ಲಿ ಹೇಳುವ ಒಂದು ಪ್ರಸಂಗವನ್ನು ನೆನೆಯದೆ ಮುಂದೆ ಸಾಗುವಂತಿಲ್ಲ. ಸಂಗಮವನ್ನು ಬಿಟ್ಟು ಮಂಗಳವಾಡಕ್ಕೆ ಹೋಗೆಂದು ಸಂಗಮನಾಥನು ಕನಸಿನಲ್ಲಿ ಬಂದು ಹೇಳುವನು. ಬಸವಣ್ಣನವರಿಗೆ ಸಿಡಿಲೆರಗಿದಂತಾಗುವುದು. ಬಾಗೇವಾಡಿಯನ್ನು ಹಿಂದಿರುಗಿ ನೋಡದೆ ಬಿಟ್ಟುಬಂದವರು ಸಂಗಮವನ್ನು ಬಿಡಲಾರದೆ ಮಗುವಿನಂತೆ ಅಳುವರು. ಆಗ ದೇವನು ಅವರನ್ನು ಮೋಹಿಯೆಂದು ಜರೆಯುವುದಿಲ್ಲ. ಇರಲಿ, ಇಲ್ಲಿಯೇ ಇರೆಂದು ಸಮಾಧಾನಿಸುವುದೂ ಇಲ್ಲ. ನಂದಿಯ ಬಾಯಿಂದ ಲಿಂಗವು ಹೊಮ್ಮಿ ಬಸವಣ್ಣನವರ ಕರಸ್ಥಲಕ್ಕೆ ಬರುವುದು. ಅದನ್ನು ಹಿಡಿದುಕೊಂಡು ಅವರು ಊರನ್ನು ಬಿಟ್ಟು ನಡೆಯುವರು.

ಮಗನ ಮಾತಿಗೂ ತಂದೆಯ ಮಾತಿಗೂ ಈ ಕಥೆಯಲ್ಲಿ ಎಡೆಯುಂಟು. ಊರನ್ನು ಬಿಡಬೇಕಾಯಿತು, ಬಿಟ್ಟದ್ದೂ ಆಯಿತು. ಆದರೆ ಬಿಡುವ ಗಳಿಗೆಯಲ್ಲಿ ಊರು ಅಂಗೈಯಲ್ಲಿ ಹಿಡಿಸುವಷ್ಟಾಗಿ ಜೊತೆಗೆ ಬಂದಿತು. ಇಷ್ಟಲಿಂಗವನ್ನು ಕೂಡಲಸಂಗಮದೇವನೆಂದು ಕರೆದಾಗ ಬಸವಣ್ಣನವರು ನದೀತೀರದ ಕಲ್ಲನ್ನು ಕರೆಯಲಿಲ್ಲವೆಂಬುದು ನಿಜ. ಆ ನದೀತೀರವನ್ನು ಅಳಿಸಿಹಾಕಲಿಲ್ಲವೆಂಬುದೂ ಅಷ್ಟೇ ನಿಜ.

ಪ್ರಾಸಂಗಿಕವಾಗಿ ಒಂದು ಮಾತು. ಹುಟ್ಟೂರಿನ ಅಗಲಿಕೆಯನ್ನು ಕುರಿತು ದೊಡ್ಡ ಮಾತುಗಳನ್ನಾಡುವವರು ಸಾಮಾನ್ಯವಾಗಿ ಗಂಡಸರು. ಮನೆಯ ಹೆಣ್ಣುಮಕ್ಕಳಾದರೋ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ತವರನ್ನು ಬಿಟ್ಟು, ಯಾರೂ ಕಾವ್ಯ ಬರೆಯದಂತೆ ಸುಮ್ಮನೆ, ಬೇರೊಂದು ಊರನ್ನು ತಮ್ಮದಾಗಿ ಮಾಡಿಕೊಂಡಿರುವರು. ದುಗ್ಗಳೆಯವರ ಅಂಕಿತ ದಾಸಯ್ಯಪ್ರಿಯ ರಾಮನಾಥ. ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನ ಊರಿನ ದೇವನನ್ನು ಅವರು ತಮ್ಮ ದೇವನನ್ನಾಗಿ ಮಾಡಿಕೊಂಡರು. ಆದರೆ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ಆಸೆಯಲ್ಲವೆ, ತಂದೆಡೆಗೇ ಚೆಲ್ಲಿ ಬಾ ಎಂದು ತಿದ್ದಿದವರೂ ಆ ಲಕ್ಕಮ್ಮನವರೇ. ಬಂದ ಊರಿಗೆ ಸಲ್ಲುವುದು ಹೇಗೆಂಬುದನ್ನು ಹುಟ್ಟೂರಿನವರಿಗೂ ಕಲಿಸುವ ಶಕ್ತಿ ಅವರಲ್ಲಿತ್ತು.

ಈ ಪ್ರಶ್ನೆ ಕನ್ನಡನಾಡಿಗೆ ಮಾತ್ರ ಸೇರಿದುದಲ್ಲ. ದೂರದ ಜಪಾನಿನಲ್ಲಿ ಹಾಯ್ಕು ಎಂಬ ಒಂದು ಪದ್ಯಜಾತಿಯುಂಟು. ಐದು, ಏಳು, ಐದು ಹೀಗೆ ಹದಿನೇಳು ಉಚ್ಚಾರಗಳಲ್ಲಿ ಮುಗಿದುಹೋಗುವ ಈ ಪದ್ಯವು ನಮ್ಮ ತ್ರಿಪದಿಗಿಂತಲೂ ಕಿರಿದು. ಅದರ ದೊಡ್ಡ ಕವಿಗಳಲ್ಲಿ ಕೊಬಾಯಾಶಿ ಇಸ್ಸಾ ಎಂಬಾತನೊಬ್ಬನು. ಇಸ್ಸಾ ಎಂಬುದು ತಾನೇ ಇಟ್ಟುಕೊಂಡ ಕಾವ್ಯನಾಮ. ಒಂದು ಬಟ್ಟಲು ಚಹವೆಂದು ಅದರ ಅರ್ಥ. ಆತನು 1763ರಲ್ಲಿ ಶಿನಾನೊ ಎಂಬ ಹಿಮದ ಸೀಮೆಯ ಕಾಶಿವಾಬಾರಾ ಎಂಬ ಹಳ್ಳಿಯಲ್ಲಿ ಒಬ್ಬ ಒಕ್ಕಲಿನ ಮಗನಾಗಿ ಹುಟ್ಟಿದನು. ಎಳವೆಯಲ್ಲಿಯೇ ತಾಯಿ ತೀರಿಹೋದಳು. ಮನೆಗೆ ಬಂದ ಮಲತಾಯಿಗೂ ಅವನಿಗೂ ಸರಿಬೀಳಲಿಲ್ಲ. ಸಾಕಿದ ಅಜ್ಜಿಯೂ ತೀರಿದ ಮೇಲೆ, 1777ರಲ್ಲಿ, ತಂದೆಯು ಆ ಬಾಲಕನನ್ನು ಎದೊ ಪಟ್ಟಣಕ್ಕೆ, ಎಂದರೆ ಇಂದಿನ ಟೋಕಿಯೊ ನಗರಕ್ಕೆ, ದುಡಿದು ಬದುಕಿಕೊಳ್ಳೆಂದು ಕಳುಹಿದನು. ಗುರುಮಠಕಲ್ಲಿನಿಂದ ಹೈದರಾಬಾದಿಗೆ ಮಗನನ್ನು ಕಳುಹಿದ ತಂದೆಯರಿಗೆ ಆ ದಾರಿ ಅಪರಿಚಿತವಲ್ಲ.

ಮೂವತ್ತೈದು ವರುಷ ಆತನು ಪರಸ್ಥಳದಲ್ಲಿ ಕಳೆದನು. ಬರೆದ ಪದ್ಯಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಹುಟ್ಟೂರು ಮತ್ತೆ ಮತ್ತೆ ಬರುತ್ತದೆ; ಒಮ್ಮೆ ಕಳೆದುಕೊಂಡ ತಾಯಿಯ ಮಡಿಲಾಗಿ, ಇನ್ನೊಮ್ಮೆ ಹತ್ತಿರ ಹೋದವನನ್ನು ನೋಯಿಸಿ ಕಳುಹುವ ಮುಳ್ಳಿನ ಬೇಲಿಯಾಗಿ. ಶಿನಾನೊ ಸೀಮೆಯ ಭಿಕ್ಷುಕರ ಮುಖಂಡನೆಂದು ಆತನು ತನ್ನನ್ನು ಕರೆದುಕೊಂಡದ್ದುಂಟು. ಭಿಕ್ಷುಕನಾದರೂ ಸೀಮೆಯ ಹೆಸರನ್ನು ಬಿಡಲಿಲ್ಲವೆಂಬುದು ಗಮನಾರ್ಹ. ಬುದ್ಧ ಅಮಿದನ ಕೃಪೆಯಲ್ಲಿ ತನ್ನನ್ನು ಒಪ್ಪಿಸಿಕೊಳ್ಳಬೇಕೆಂಬ ಜೋದೊ ಶಿನ್ ಪಂಥದ ಭಕ್ತನಾಗಿದ್ದ ಆತನಿಗೆ ಲೋಕದ ಅನಿತ್ಯತೆ ತಿಳಿಯದ ವಿಷಯವಾಗಿರಲಿಲ್ಲ. ನೊಣ, ಕಪ್ಪೆ, ಬಸವನಹುಳುಗಳಂತಹ ಕಿರುಜೀವಿಗಳನ್ನು ಆತನು ಕಂಡ ಕರುಣೆಯು ಸಕಲ ಜೀವಾತ್ಮರಿಗೆ ಲೇಸನ್ನು ಬಯಸಿದ ಶರಣರ ನಾಡಿನವರಿಗೆ ಸಹಜವಾಗಿಯೇ ಮೆಚ್ಚಿಕೆಯಾಗುವುದು.

ಇಂತಹವನು ಊರಿನ ವಿಷಯದಲ್ಲಿ ಏನು ಮಾಡಿದನು? 1801ರಲ್ಲಿ ತಂದೆ ತೀರಿಕೊಂಡನು. ಮನೆ ಹೊಲಗಳಲ್ಲಿ ಅರ್ಧವು ಹಿರಿಯ ಮಗನಿಗೆಂದು ತಂದೆಯ ಮಾತಿತ್ತು. ಮಲತಾಯಿಯೂ ಅವಳ ಮಗನೂ ಅದಕ್ಕೆ ಒಪ್ಪಲಿಲ್ಲ. ಮೂವತ್ತು ವರುಷ ಊರಲ್ಲಿದ್ದು ನೆಲವನ್ನು ಉತ್ತವರು ತಾವಲ್ಲವೆ ಎಂಬುದು ಅವರ ವಾದ, ಅದರಲ್ಲಿ ಹುರುಳಿಲ್ಲವೆನ್ನಲಾಗದು. ಹನ್ನೆರಡು ವರುಷ ವ್ಯಾಜ್ಯ ನಡೆದು 1813ರಲ್ಲಿ ಒಪ್ಪಂದವಾಯಿತು. ಮನೆಯನ್ನು ನಟ್ಟನಡುವೆ ಎರಡು ಮಾಡಿ, ಒಂದು ಪಾಲಿನಲ್ಲಿ ಕವಿ, ಇನ್ನೊಂದರಲ್ಲಿ ತಮ್ಮನು ಮತ್ತು ಮಲತಾಯಿ. ಐವತ್ತರ ವಯಸ್ಸಿನಲ್ಲಿ ಹುಟ್ಟೂರು ಕವಿಯ ಕೈಸೇರಿತು. 1814ರಲ್ಲಿ ಮದುವೆಯಾದನು. ಹುಟ್ಟಿದ ನಾಲ್ಕು ಕೂಸುಗಳೂ ಒಂದಾದ ಮೇಲೊಂದು ತೀರಿದುವು. 1823ರಲ್ಲಿ ಹೆಂಡತಿಯೂ ತೀರಿದಳು. 1827ರಲ್ಲಿ ಊರಿಗೆ ಬಿದ್ದ ಬೆಂಕಿಯಲ್ಲಿ ಹನ್ನೆರಡು ವರುಷ ಹೋರಾಡಿ ಪಡೆದ ಆ ಅರ್ಧ ಮನೆಯೂ ಸುಟ್ಟುಹೋಯಿತು. ಮಣ್ಣಿನ ಗೋಡೆಯ ಒಂದು ಉಗ್ರಾಣ ಮಾತ್ರ ಉಳಿಯಿತು. ಅದರೊಳಗಿದ್ದುಕೊಂಡೇ ಆ ಚಳಿಗಾಲದಲ್ಲಿ ಕವಿಯು ಪ್ರಾಣಬಿಟ್ಟನು. ಅವನ ವಂಶದಲ್ಲಿ ಉಳಿದವಳು, ಅವನು ಸತ್ತ ಮೇಲೆ ಹುಟ್ಟಿದ ಒಬ್ಬ ಮಗಳು.

ಇದನ್ನು ಓದಿದ ವಿರಕ್ತನು, ಮೋಹದ ಫಲವನ್ನು ನೋಡಿರೆಂದು ಬೆರಳು ತೋರಿಸಬಹುದು. ಆ ತೀರ್ಪು ಅವಸರದ್ದು. ಪ್ರಭುದೇವರ ನಿಲುವು, ಮಣ್ಣನ್ನು ಮಾಯೆಯೆಂದು ದೂರುವವನು ಮೊದಲು ತನ್ನ ಮನಸ್ಸಿನ ಹಂಬಲವನ್ನು ಪರೀಕ್ಷಿಸಿಕೊಳ್ಳಲಿ ಎಂಬುದು. ಇಸ್ಸಾನಲ್ಲಿದ್ದ ಹಂಬಲಗಳು ಎರಡು. ತಾಯಿ ನಡೆದಾಡಿದ ಅಂಗಳದಲ್ಲಿ ತಾನೂ ಕುಳಿತು ಸಾಯಬೇಕೆಂಬುದು ಒಂದು. ನನ್ನ ಪಾಲು ನನಗೆ ಬರಬೇಕೆಂಬುದು ಮತ್ತೊಂದು. ಮೊದಲನೆಯದು ಪದ್ಯವಾಯಿತು, ಎರಡನೆಯದು ಅಡ್ಡಗೋಡೆಯಾಯಿತು. ಎರಡೂ ಒಂದೇ ಎದೆಯಲ್ಲಿದ್ದುವು. ಒಂದರ ಬಟ್ಟೆಯನ್ನು ಇನ್ನೊಂದು ಉಟ್ಟುಕೊಂಡು ಬರುತ್ತಿತ್ತು. ಅಣ್ಣತಮ್ಮಂದಿರ ಪಾಲಿನ ಪಂಚಾಯಿತಿಯಲ್ಲಿ ಕುಳಿತ ಪಂಚರನ್ನು ಕೇಳಿದರೆ, ಹಿರಿಯರು ಬಾಳಿದ ಮನೆಯೆಂಬ ಕಣ್ಣೀರಿನ ಮಾತಿನ ಹಿಂದೆ ಎಷ್ಟು ಸಲ ಒಂದು ಅಂಕಣದ ಲೆಕ್ಕವಿರುತ್ತದೆಂಬುದನ್ನು ಅವರು ಹೇಳಿಯಾರು.

ಊರಿನ ಮೇಲೆ ಹಕ್ಕು ಒಂದು, ಊರಿನ ಋಣ ಇನ್ನೊಂದು. ಹಕ್ಕನ್ನು ಪಾಲು ಮಾಡಬಹುದು, ಪಹಣಿಯಲ್ಲಿ ಬರೆಸಬಹುದು, ಮಾರಬಹುದು, ಬೆಂಕಿಗೆ ಕಳೆದುಕೊಳ್ಳಬಹುದು. ಋಣವನ್ನು ಹೀಗೆ ಅಂಕಣ ಹಾಕಿ ಹಂಚಲಾಗದು. ಶರಣರ ಅಂಕಿತದಲ್ಲಿ ಇರುವುದು ಹಕ್ಕಿನ ಊರಲ್ಲ. ರಾಮನಾಥನೆಂದು ಕರೆದ ಮಾತ್ರಕ್ಕೆ ದಾಸಿಮಯ್ಯನವರಿಗೆ ಮುದನೂರಿನಲ್ಲಿ ಒಂದು ಗೇಣು ಭೂಮಿ ಹೆಚ್ಚಾಗಲಿಲ್ಲ; ದುಗ್ಗಳೆಯವರೂ ಅದೇ ಹೆಸರನ್ನು ಕರೆದುದರಿಂದ ಅವರ ಪಾಲು ಕಡಿಮೆಯೂ ಆಗಲಿಲ್ಲ.

ಇಸ್ಸಾನ ಕಾಲದವರೇ ಆದ ಕಲಬುರಗಿಯ ಶರಣಬಸವೇಶ್ವರರ ಚರಿತ್ರೆಯು ಈ ಸಂದರ್ಭದಲ್ಲಿ ನೆನಪಿಗೆ ಬರುವುದು. ಅವರ ಹುಟ್ಟೂರು ಜೇವರ್ಗಿ ಸೀಮೆಯ ಅರಳಗುಂಡಗಿ. ಹೊಲದಲ್ಲಿ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರನ್ನೂ ಇಟ್ಟ ಮಹಾದಾಸೋಹಿಯ ಕಥೆಯು ಈ ಭಾಗದ ಮಕ್ಕಳಿಗೂ ತಿಳಿದಿದೆ. ಅವರ ದಾಸೋಹವು ಮನೆಯವರಿಗೆ ಭಾರವಾಗಿ ಕಂಡು, ಮನೆ ಪಾಲಾಯಿತೆಂದು ಭಕ್ತರು ಹೇಳುವರು. ಕಡೆಗೆ ಅವರು ಅರಳಗುಂಡಗಿಯನ್ನು ಬಿಟ್ಟು ಹೊರಟು ಕಲಬುರಗಿಯನ್ನು ಸೇರಿದರು; 1822ರಲ್ಲಿ ಅಲ್ಲಿಯೇ ಲಿಂಗೈಕ್ಯರಾದರು. ಪಾಲಿನ ಪ್ರಶ್ನೆ ಇಬ್ಬರಿಗೂ ಬಂದಿತು. ಒಬ್ಬನು ಪಾಲಿಗಾಗಿ ಊರಿಗೆ ಮರಳಿದನು, ಇನ್ನೊಬ್ಬರು ಪಾಲನ್ನು ಮರೆತು ಊರನ್ನು ದಾಟಿದರು. ಆದರೆ ಅರಳಗುಂಡಗಿಯಲ್ಲಿ ಹೊತ್ತಿಸಿದ ದಾಸೋಹದ ಒಲೆಯನ್ನು ಶರಣರು ಅಲ್ಲಿಯೇ ಆರಿಸಿ ಬರಲಿಲ್ಲ. ಕಲಬುರಗಿಯಲ್ಲಿ ಉರಿದುದು ಅದೇ ಬೆಂಕಿ. ಕವಿಯನ್ನು ಕೀಳೆಂದೂ ಶರಣರನ್ನು ಮೇಲೆಂದೂ ತೂಗುವುದಕ್ಕಾಗಿ ಈ ಹೋಲಿಕೆಯಲ್ಲ. ತಾಯಿಯಿಲ್ಲದೆ ಬೆಳೆದ ಕೂಸು ತಾಯಿಯ ಅಂಗಳಕ್ಕಾಗಿ ಹಟ ಹಿಡಿದರೆ ಅದನ್ನು ಜರೆಯುವ ಅಧಿಕಾರ ಯಾರಿಗೂ ಇಲ್ಲ.

ಊರಿನ ಋಣವನ್ನು ತೀರಿಸುವುದರಲ್ಲಿಯೂ ಒಂದು ಬಲೆಯಿದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರಿಗಿಂತ ಹೆಚ್ಚಾಗಿ ತಮ್ಮ ಊರಿಗಾಗಿ ದುಡಿದ ಶರಣರಿಲ್ಲ. ಬಾಲ್ಯದಲ್ಲಿ ಮಲ್ಲಯ್ಯನನ್ನು ಅರಸಿ ಶ್ರೀಶೈಲಕ್ಕೆ ಓಡಿದ ಅವರು ಅಲ್ಲಿ ಉಳಿಯದೆ ಮರಳಿ ಬಂದು, ಸೊನ್ನಲಿಗೆಯನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡಿದರು. ಕೆರೆಯನ್ನು ತೋಡಿಸಿದರು, ಗುಡಿಗಳನ್ನೆತ್ತಿಸಿದರು, ಲಿಂಗಗಳನ್ನು ಸ್ಥಾಪಿಸಿದರು. ಊರಿಗೆ ಇಷ್ಟು ಮಾಡಿದವರನ್ನು ಹೊಗಳದವರಾರು? ಹೊಗಳದೆ ಬಂದವರು ಒಬ್ಬರೇ, ಅಲ್ಲಮಪ್ರಭುಗಳು. ಶೂನ್ಯಸಂಪಾದನೆ ಹೇಳುವಂತೆ, ಅವರು ಸೊನ್ನಲಿಗೆಗೆ ಬಂದು, ಕೆರೆಯ ಕೆಲಸದಲ್ಲಿದ್ದವರನ್ನು ಕೇಳಿದ್ದು, ನಿಮ್ಮ ಒಡ್ಡರಾಮನೆಲ್ಲಿ ಎಂದು. ಕೆಲಸಗಾರರು ಕೆರಳಿ ಕಲ್ಲೆಸೆದರು, ಸಿದ್ಧರಾಮೇಶ್ವರರೂ ಸಿಟ್ಟಾದರು. ಆ ಸಿಟ್ಟೇ ಪ್ರಭುದೇವರಿಗೆ ಬೇಕಾಗಿತ್ತು. ಕೆರೆ ಕಟ್ಟುವುದು ತಪ್ಪೆಂದು ಅವರ ಅಭಿಪ್ರಾಯವಲ್ಲ. ಊರಿಗಾಗಿ ಮಾಡಿದೆನೆಂಬಲ್ಲಿ ನಾನು ಮಾಡಿದೆನೆಂಬುದು ಎಷ್ಟು ಆಳದಲ್ಲಿ ಅಡಗಿತ್ತೆಂಬುದನ್ನು ಹೊರಗೆ ತರಬೇಕಾಗಿತ್ತು. ಒಂದು ಕೆದಕುನುಡಿಗೆ ಅದು ಬೆಂಕಿಯಾಗಿ ಹೊರಗೆ ಬಂದಿತು. ಸಿದ್ಧರಾಮೇಶ್ವರರು ಪ್ರಭುದೇವರ ಸಂಗಡ ಕಲ್ಯಾಣಕ್ಕೆ ನಡೆದರು, ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದರು.

ಆ ಬಳಿಕ ಅವರು ಸೊನ್ನಲಿಗೆಯನ್ನು ತೊರೆದರೆ? ಇಲ್ಲ. ಅಲ್ಲಿಗೇ ಮರಳಿ ಅಲ್ಲಿಯೇ ಐಕ್ಯರಾದರು. ಇಂದಿಗೂ ಸೊಲ್ಲಾಪುರದ ಕೆರೆಯ ನಡುವೆ ಅವರ ಗದ್ದುಗೆಯಿದೆ. ಮಕರಸಂಕ್ರಾಂತಿಯಲ್ಲಿ ನಂದಿಧ್ವಜಗಳ ಮೆರವಣಿಗೆ ನಡೆಯುತ್ತದೆ. ರಾಜ್ಯಗಳ ಗಡಿಗಳನ್ನು 1956ರಲ್ಲಿ ಬರೆದವರು ಆ ಊರನ್ನು ಕರ್ನಾಟಕದಾಚೆಗೆ ಇಟ್ಟರಾದರೂ ಕಪಿಲಸಿದ್ಧಮಲ್ಲಿಕಾರ್ಜುನನೆಂಬ ಅಂಕಿತವು ಕನ್ನಡದಲ್ಲಿಯೇ ಉಳಿದಿದೆ. ಕಲ್ಯಾಣಕ್ಕೆ ಹೋಗುವ ಮುಂಚಿನ ಸೊನ್ನಲಿಗೆ, ಕಲ್ಯಾಣದಿಂದ ಬಂದ ಮೇಲಿನ ಸೊನ್ನಲಿಗೆ, ಕಲ್ಲು ನೀರುಗಳ ಲೆಕ್ಕದಲ್ಲಿ ಎರಡೂ ಒಂದೇ. ಊರು ಬದಲಾಗಲಿಲ್ಲ, ಊರಿನಿಂದ ಏನನ್ನು ಬಯಸಬೇಕೆಂಬುದು ಬದಲಾಗಿತ್ತು. ಪಟ್ಟಣದಲ್ಲಿ ಗಳಿಸಿ ಹುಟ್ಟೂರಿನ ಗುಡಿಗೆ ಮಹಾದ್ವಾರವನ್ನು ಕಟ್ಟಿಸಿ ಅದರ ಮೇಲೆ ತನ್ನ ಹೆಸರನ್ನು ಕೆತ್ತಿಸುವ ಭಕ್ತನು, ಒಮ್ಮೆ ಪ್ರಭುದೇವರು ಆ ದ್ವಾರದಲ್ಲಿ ಬಂದು ನಿಂತರೆ ಏನೆಂದಾರೆಂದು ಊಹಿಸಿಕೊಳ್ಳುವುದು ಒಳ್ಳೆಯದು.

ಇಷ್ಟರಲ್ಲಿಯೇ ವಿಷಯ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹುಟ್ಟೂರೆಂಬ ಸವಿಮಾತಿನ ಅಡಿಯಲ್ಲಿ ಒಂದು ಕಹಿಯೂ ಇದೆ. ಸುರಪುರ ಸೀಮೆಯದೇ ಆದ ಕೆಂಭಾವಿಯ ಭೋಗಯ್ಯನವರ ಕಥೆಯನ್ನು ಪುರಾಣಕವಿಗಳು ಹೇಳಿರುವರು. ಜಾತಿಯಲ್ಲಿ ಹೊರಗಿನವನೆಂದು ಊರು ಎಣಿಸಿದ ಒಬ್ಬ ಅತಿಥಿಯನ್ನು ಭೋಗಯ್ಯನವರು ಶಿವನೆಂದೇ ಬಗೆದು ಮನೆಯೊಳಕ್ಕೆ ಕರೆದು ಉಪಚರಿಸಿದರು. ಊರಿನವರು ದೊರೆಯಲ್ಲಿ ದೂರಿದರು. ಊರು ಕೆಟ್ಟಿತು, ಈತನನ್ನು ಹೊರಗೆ ಹಾಕೆಂದರು. ಭೋಗಯ್ಯನವರು ವಾದಕ್ಕೆ ನಿಲ್ಲದೆ ಊರನ್ನು ಬಿಟ್ಟು ಹೊರಟರು. ಆಗ ಕೆಂಭಾವಿಯ ಗುಡಿಗಳಲ್ಲಿದ್ದ ಲಿಂಗಗಳೆಲ್ಲವೂ ಪೀಠಗಳಿಂದ ಎದ್ದು ಅವರ ಹಿಂದೆ ಹೊರಟುವೆಂದು ಕಥೆ. ಗುಡಿಗಳು ಬರಿದಾದುದನ್ನು ಕಂಡ ಊರು ಬೆದರಿ, ಹಿಂದೆ ಓಡಿ, ಕಾಲುಹಿಡಿದು ಅವರನ್ನು ಮರಳಿ ಕರೆತಂದಿತು.

ಸ್ಥಾವರಲಿಂಗವೇ ಜಂಗಮನ ಹಿಂದೆ ನಡೆದ ಈ ಕಥೆಯನ್ನು ಪವಾಡವೆಂದು ಕೈಮುಗಿದು ಬಿಟ್ಟುಬಿಡುವುದು ಸುಲಭ. ಅದು ಕೇಳುವ ಪ್ರಶ್ನೆಯಾದರೋ ಕಠಿಣ. ಗೋಡೆ, ಗುಡಿ, ಅಗಸೆ ಎಲ್ಲವೂ ಇದ್ದಲ್ಲಿಯೇ ಇದ್ದರೂ ಊರು ಊರಲ್ಲದೆ ಹೋಗುವುದು ಯಾವಾಗ? ಒಬ್ಬನನ್ನು ಹೊರಗೆ ಹಾಕಿದಾಗ. ಪಟ್ಟಣದಲ್ಲಿ ಕುಳಿತು ಹುಟ್ಟೂರನ್ನು ನೆನೆದು ಕಣ್ಣೀರಿಡುವ ಸದ್ಗೃಹಸ್ಥನು ನೆನೆಯುವುದು ತನ್ನ ಓಣಿಯನ್ನು, ತನ್ನ ಮನೆಯ ಪಡಸಾಲೆಯನ್ನು, ತನ್ನ ಬಾವಿಯ ಸಿಹಿನೀರನ್ನು. ಆ ಬಾವಿಯ ಹತ್ತಿರ ಬಾರದಂತೆ ದೂರ ನಿಲ್ಲಿಸಲ್ಪಟ್ಟು, ಯಾರಾದರೂ ಎತ್ತಿ ಹೊಯ್ದಾರೆಂದು ಕಾಯುತ್ತಿದ್ದ ಹೊರಗೇರಿಯ ಹೆಣ್ಣುಮಗಳಿಗೂ ಅದೇ ಊರು ಹುಟ್ಟೂರು. ಅವಳ ಮಗನು ಹೈದರಾಬಾದಿನಲ್ಲಿದ್ದರೆ ಅವನೂ ಊರನ್ನು ನೆನೆಯುವನು. ಯಾವ ಬಗೆಯಲ್ಲಿ ನೆನೆಯುವನೆಂಬುದನ್ನು ಕೇಳಿದವರು ಕಡಿಮೆ. ಹನ್ನೆರಡನೆಯ ಶತಮಾನದಲ್ಲಿ ದೂರದೂರದ ಜನ ಹುಟ್ಟೂರುಗಳನ್ನು ಬಿಟ್ಟು ಕಲ್ಯಾಣಕ್ಕೆ ಬಂದುದೇಕೆಂಬುದಕ್ಕೆ ಉತ್ತರವು ಇಲ್ಲಿಯೇ ಇದೆ. ಹುಟ್ಟಿದ ಊರಿನಲ್ಲಿ ಊರಿಲ್ಲದವರಿಗೆ ಅದು ಊರಾಯಿತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯನ್ನು ಸಹಿಸಲಾರದೆ ಆ ಊರೂ ಒಡೆಯಿತು. ಶರಣರು ಉಳವಿಗೆ, ಶ್ರೀಶೈಲಕ್ಕೆ, ದಿಕ್ಕುದಿಕ್ಕಿಗೆ ಚೆದುರಿದರು. ಲಿಂಗವಂತರ ಚರಿತ್ರೆಯಲ್ಲಿ ಎಲ್ಲರ ಹುಟ್ಟೂರೆಂಬುದೊಂದಿದ್ದರೆ ಅದು ಕಳೆದುಹೋದ ಕಲ್ಯಾಣವೇ.

ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆ ಮಾರಿದವರೆಂದು ಸಂಪ್ರದಾಯವು ಹೇಳುವುದು. ಅವರ ಅಂಕಿತದಲ್ಲಿ ಕಾಶ್ಮೀರದ ಸುಳಿವೇ ಇಲ್ಲ. ಕಡೆಗೆ ಕೈಲಾಸಕ್ಕೆ ಹೋಗುವ ಮಾತನ್ನೆತ್ತಿದಾಗ, ಪತ್ನಿ ಮಹಾದೇವಮ್ಮನವರು ಇಲ್ಲಿ ಇಲ್ಲದ ಯಾವುದು ಅಲ್ಲಿದೆಯೆಂದು ಅವರನ್ನು ಎಚ್ಚರಿಸಿದರು. ಹಿಂದಣ ಊರನ್ನು ಬಿಟ್ಟವರಿಗೂ ಮುಂದಣ ಊರಿನ ಆಸೆ ಬಿಡಲಿಲ್ಲವಾಯಿತು. ಈ ದೃಷ್ಟಿಯಿಂದ ನೋಡಿದರೆ, ಊರ ಹಂಬಲವನ್ನು ಗೆದ್ದೆನೆಂದು ಪಟ್ಟಣದ ಮಗನು ಬೀಗುವಂತಿಲ್ಲ. ಗುರುಮಠಕಲ್ಲಿನ ಮನೆಯನ್ನು ಮಾರಿ ಹೈದರಾಬಾದಿನಲ್ಲಿ ನಿವೇಶನವನ್ನು ಕೊಂಡವನು ಮಣ್ಣಿನ ಮೋಹವನ್ನು ಬಿಟ್ಟನೆಂದು ಯಾರು ಹೇಳಿಯಾರು?

ಇನ್ನುಳಿದುದು ಊರೇ ಇಲ್ಲವಾದವರ ಪಾಡು. ಆಲಮಟ್ಟಿಯ ಅಣೆಕಟ್ಟೆಗೆ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟದ್ದು 1964ರಲ್ಲಿ. ಆಲಮಟ್ಟಿಯಲ್ಲಿ ನಿಂತ ಕೃಷ್ಣೆಯು ಸುರಪುರ ಸೀಮೆಯ ನಾರಾಯಣಪುರಕ್ಕೆ ಇಳಿದು, ಬಸವಸಾಗರವೆಂಬ ಹೆಸರಿನ ಜಲಾಶಯದಲ್ಲಿ ಮತ್ತೆ ನಿಂತು, ಅಲ್ಲಿಂದ ಕಾಲುವೆಗಳಲ್ಲಿ ಸುರಪುರ ಶಹಾಪುರಗಳ ಹೊಲಗಳಿಗೆ ಹರಿಯುತ್ತದೆ. ಬರಡಾಗಿದ್ದ ನೆಲದಲ್ಲಿ ಭತ್ತದ ಗದ್ದೆಗಳು ಕಂಗೊಳಿಸುತ್ತಿರುವುದು ಆ ನೀರಿನಿಂದ. ಆ ನೀರು ನಿಂತಿರುವುದು ಬೇರೆಯವರ ಊರುಗಳ ಮೇಲೆ. ಬಾಗಲಕೋಟೆಯ ಹಳೆಯ ಪೇಟೆಯ ಓಣಿಗಳು, ಕೃಷ್ಣಾ ಘಟಪ್ರಭಾ ತೀರದ ಎಷ್ಟೋ ಹಳ್ಳಿಗಳ ಅಗಸೆ, ಮಠ, ಗದ್ದುಗೆ, ಹೊಲಗಳು ಅದರ ಅಡಿಯಲ್ಲಿವೆ. ಅಲ್ಲಿಯ ಜನ ತಮ್ಮ ಊರಿನ ಹೆಸರನ್ನು ಮಾತ್ರ ಎತ್ತಿಕೊಂಡು ಬಂದು ಪುನರ್ವಸತಿಯ ಬಯಲಿನಲ್ಲಿ ಅದನ್ನು ಮತ್ತೆ ನೆಟ್ಟುಕೊಂಡರು. ಬೀಗ ತೆಗೆಯಲು ಅವರಿಗೆ ಮನೆಯಿಲ್ಲ, ಪಾಲು ಕೇಳಲು ಗೋಡೆಯಿಲ್ಲ. ಶಹಾಪುರದ ಗದ್ದೆಯ ಅಕ್ಕಿಯಿಂದ ಪ್ರಸಾದವನ್ನು ಮಾಡುವ ಮನೆಯಲ್ಲಿ ಊರಿನ ಋಣದ ಲೆಕ್ಕವನ್ನು ತೆಗೆದರೆ, ಆ ಲೆಕ್ಕವು ತನ್ನ ಊರಿನ ಅಗಸೆಯಲ್ಲಿಯೇ ನಿಲ್ಲಲಾರದು.

ನಾರಾಯಣಪುರದ ಹಿನ್ನೀರು ಮೇಲಕ್ಕೆ ಏರಿ ಕೂಡಲಸಂಗಮವನ್ನು ಮುಟ್ಟುತ್ತದೆ. ಎರಡು ನದಿಗಳ ನಡುವೆ ಬಸವಣ್ಣನವರ ಐಕ್ಯಸ್ಥಳವು ಮುಳುಗಬಾರದೆಂದು ಅದರ ಸುತ್ತಲೂ ಬಾವಿಯಂತೆ ಎತ್ತರದ ಗೋಡೆಯನ್ನು ಕಟ್ಟಿರುವರು. ಯಾವ ಊರಿನ ಹೆಸರನ್ನು ಬಸವಣ್ಣನವರು ತಮ್ಮ ನುಡಿಗಳಿಗೆಲ್ಲ ಮುದ್ರೆಯಾಗಿ ಒತ್ತಿದರೋ ಆ ಊರಿನಲ್ಲಿ ಈಗ ಅವರನ್ನು ಕಾಣಬೇಕಾದರೆ ನೀರಿನ ನಡುವಣ ದಾರಿಯಲ್ಲಿ ನಡೆದು, ಮೆಟ್ಟಿಲುಗಳನ್ನು ಇಳಿದು, ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಬೇಕು. ಮುಳುಗಡೆಯಾದ ಊರಿನವರೂ ಆ ನೀರಿನಿಂದ ಗದ್ದೆ ಮಾಡಿದ ಊರಿನವರೂ ಗುರುಮಠಕಲ್ಲಿನಿಂದ ಹೈದರಾಬಾದಿಗೆ ಹೋಗಿ ರಜೆಗೆಂದು ಬಂದವರೂ ಅಲ್ಲಿ ಒಂದೇ ಮೆಟ್ಟಿಲುಗಳಲ್ಲಿ ಇಳಿಯುತ್ತಾರೆ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು ಮೇಲೇರುತ್ತಾರೆ.